ವೈನು ಬಪ್ಪು: ನಕ್ಷತ್ರದ ಬೆಳಕನ್ನು ಓದಿದವರು

ಖಗೋಳವಿಜ್ಞಾನಿ ವೈನು ಬಪ್ಪು ಹುಟ್ಟಿದ್ದು 1927ರಲ್ಲಿ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿದ್ದುದರಿಂದ ಮಗನಿಗೆ ಆಕಾಶದ ಪರಿಚಯ ಮನೆಯಲ್ಲೇ ಆಯಿತು. ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದರು. 1957ರಲ್ಲಿ ಓಲಿನ್ ವಿಲ್ಸನ್ ಜೊತೆಗೂಡಿ, ತಂಪು ನಕ್ಷತ್ರದ ರೋಹಿತದಲ್ಲಿರುವ ಕ್ಯಾಲ್ಸಿಯಂ ಗೆರೆಯ ಅಗಲದಿಂದ ಅದರ ನಿಜವಾದ ಪ್ರಕಾಶ ತಿಳಿಯಬಹುದೆಂದು ತೋರಿಸಿದರು. ಪ್ರಕಾಶ ತಿಳಿದರೆ ದೂರವೂ ತಿಳಿಯುತ್ತದೆ.

ರೋಣದಲ್ಲಿ ಬೋಧನಾಭ್ಯಾಸದ ವೇಳೆ ಒಂಬತ್ತನೇ ತರಗತಿಗೆ ಇದನ್ನು ಹೇಳುವಾಗ ನನ್ನ ಬಳಿ ರೋಹಿತದರ್ಶಕ ಇರಲಿಲ್ಲ. ಸ್ಪಿರಿಟ್ ದೀಪದ ಜ್ವಾಲೆಗೆ ಚಿಟಿಕೆ ಉಪ್ಪು ಹಾಕಿದೆ. ಹಳದಿ ಬಣ್ಣ ಸೋಡಿಯಂನ ಗುರುತು ಎಂದೆ. ನಕ್ಷತ್ರದ ಧಾತುಗಳನ್ನೂ ಬೆಳಕಿನಿಂದಲೇ ಗುರುತಿಸುತ್ತಾರೆ. ಕಬ್ಬಿಣದಂಥ ಧಾತುಗಳು ಹಿಂದಿನ ತಲೆಮಾರಿನ ನಕ್ಷತ್ರಗಳಲ್ಲಿ ತಯಾರಾದವು. ಆದ್ದರಿಂದ ಅವು ತೀರಾ ಕಡಿಮೆಯಿರುವ ನಕ್ಷತ್ರಗಳು ಸಾಮಾನ್ಯವಾಗಿ ಆಕಾಶಗಂಗೆಯ ಆರಂಭಕಾಲದವು.

ಬಪ್ಪು ಅವರೂ ಉಪಕರಣ ಬರಲೆಂದು ಕಾಯುತ್ತ ಕೂರಲಿಲ್ಲ. ಕೊಡೈಕನಾಲ್ ಕಾರ್ಯಾಗಾರದಲ್ಲಿ ತಯಾರಾದ 38 ಸೆಂ.ಮೀ. ದೂರದರ್ಶಕದಿಂದ ತಮಿಳುನಾಡಿನ ಕಾವಲೂರಿನಲ್ಲಿ ವೀಕ್ಷಣೆ ಆರಂಭಿಸಿದರು. 1971ರಲ್ಲಿ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದರು. ಅವರು ಯೋಜಿಸಿದ 2.3 ಮೀಟರ್ ದೂರದರ್ಶಕದ ಕನ್ನಡಿಗೆ ಹೊಳಪು ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲಿ. ಅದು ಪೂರ್ಣಗೊಳ್ಳುವ ಮೊದಲೇ, 1982ರಲ್ಲಿ ಅವರು ತೀರಿಕೊಂಡರು. 1986ರಲ್ಲಿ ಅದಕ್ಕೆ ಅವರದೇ ಹೆಸರಿಟ್ಟರು. ಆ ಸಂಸ್ಥೆಯ ವಿಜ್ಞಾನಿಗಳು ನಕ್ಷತ್ರಗಳ ಧಾತುಗಳನ್ನು ಅಳೆದು ಆಕಾಶಗಂಗೆಯ ಇತಿಹಾಸವನ್ನು ಇಂದಿಗೂ ಹುಡುಕುತ್ತಿದ್ದಾರೆ.