ಮೋರಿಟ್ಸ್ ಕಪೋಸಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಬಯಲುಸೀಮೆಯಲ್ಲಿ ಮಳೆಗೆ ಬರವುಂಟು, ಬಿಸಿಲಿಗೆ ಬರವಿಲ್ಲ. ಪಾವಗಡದಲ್ಲಿ ಆ ಬಿಸಿಲಿನಿಂದಲೇ ವಿದ್ಯುತ್ತನ್ನು ಪಡೆಯುತ್ತಿದ್ದಾರೆ. ಸಕಲ ಜೀವಿಗಳಿಗೂ ಆಧಾರವಾದ ಈ ಬಿಸಿಲು ಕೆಲವೇ ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಹಗೆಯಾಗಿರುತ್ತದೆ. ಅಂತಹ ಮಕ್ಕಳ ರೋಗವನ್ನು ಗುರುತಿಸಿ ಲೋಕಕ್ಕೆ ತಿಳಿಸಿದ ವೈದ್ಯರು ಮೋರಿಟ್ಸ್ ಕಪೋಸಿ.

ಕಪೋಸಿಯವರು 1837ನೆಯ ಇಸವಿ ಅಕ್ಟೋಬರ್ 23ರಂದು ಹಂಗೇರಿಯ ಕಪೋಶ್ವಾರ್ ಪಟ್ಟಣದ ಬಡ ಯೆಹೂದಿ ಕುಟುಂಬದಲ್ಲಿ ಜನಿಸಿದರು. ಅವರ ಮೊದಲ ಹೆಸರು ಮೋರಿಟ್ಸ್ ಕೋನ್. ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ 1861ರಲ್ಲಿ ವೈದ್ಯ ಪದವಿಯನ್ನು ಪಡೆದರು. 1871ರಲ್ಲಿ ತಮ್ಮ ಹುಟ್ಟೂರಿನ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡು ಕಪೋಸಿ ಎನಿಸಿದರು. ಚರ್ಮರೋಗಶಾಸ್ತ್ರದಲ್ಲಿ ಪ್ರಖ್ಯಾತರಾಗಿದ್ದ ಫರ್ಡಿನಾಂಡ್ ಹೆಬ್ರಾ ಅವರ ಗುರುಗಳು. ಮುಂದೆ ಅವರಿಗೆ ಹೆಣ್ಣು ಕೊಟ್ಟ ಮಾವನವರೂ ಆದರು. 1880ರಲ್ಲಿ ಹೆಬ್ರಾ ನಿಧನರಾದ ಬಳಿಕ ಅವರ ಪೀಠವು ಕಪೋಸಿಯವರಿಗೆ ಒಲಿಯಿತು.

ಚಿಕ್ಕ ವಯಸ್ಸಿನಲ್ಲಿಯೇ ಚರ್ಮವು ಮುದುಕರ ಚರ್ಮದಂತೆ ಒಣಗಿ, ಮುಖ ಕೈಗಳಲ್ಲಿ ಕಪ್ಪು ಮಚ್ಚೆಗಳೆದ್ದು, ಅಲ್ಲಲ್ಲಿ ಗಂಟುಗಳಾಗುತ್ತಿದ್ದ ಕೆಲವು ರೋಗಿಗಳನ್ನು ಅವರು ಕಂಡರು. ಆ ಗಂಟುಗಳು ಚರ್ಮದ ಕ್ಯಾನ್ಸರ್ ಆಗಿದ್ದವು. ಕಪೋಸಿಯವರು ಇದನ್ನು ಒಂದು ಪ್ರತ್ಯೇಕ ರೋಗವೆಂದು ವರ್ಣಿಸಿ, 1882ರಲ್ಲಿ ಝೆರೋಡರ್ಮ ಪಿಗ್ಮೆಂಟೋಸಮ್ ಎಂದು ಹೆಸರಿಸಿದರು. ರೋಗದ ಮೂಲಕಾರಣ ಮಾತ್ರ ಅವರ ಕಾಲಕ್ಕೆ ಎಟುಕಲಿಲ್ಲ. 1902ರ ಮಾರ್ಚ್ 6ರಂದು ಅವರು ವಿಯೆನ್ನಾದಲ್ಲಿ ತೀರಿಕೊಂಡರು.

ಆ ಗುಟ್ಟನ್ನು 1968ರಲ್ಲಿ ಜೇಮ್ಸ್ ಕ್ಲೀವರ್ ಎಂಬ ವಿಜ್ಞಾನಿ ಬಯಲಿಗೆ ತಂದರು. ಬಿಸಿಲಿನ ಅತಿನೇರಳೆ ಕಿರಣಗಳು ಜೀವಕೋಶದ ಡಿ.ಎನ್.ಎ.ಯನ್ನು ಕೆಡಿಸುತ್ತವೆ. ಆರೋಗ್ಯವಂತರ ದೇಹವು ಆ ಕೇಡನ್ನು ಸರಿಪಡಿಸಿಕೊಳ್ಳುತ್ತದೆ. ಈ ರೋಗಿಗಳ ದೇಹಕ್ಕೆ ಆ ಶಕ್ತಿ ಸಾಲದು. ತಂದೆತಾಯಿಗಳಿಬ್ಬರಿಂದಲೂ ದೋಷಯುಕ್ತ ಜೀನು ಬಂದಾಗ ಮಾತ್ರ ರೋಗ ತಲೆದೋರುತ್ತದೆ. ಆದುದರಿಂದ ಹತ್ತಿರದ ರಕ್ತಸಂಬಂಧಿಗಳಲ್ಲಿ ಮದುವೆಯಾದವರ ಮಕ್ಕಳಲ್ಲಿ ಇದರ ಸಂಭವ ಹೆಚ್ಚು.

ಈ ರೋಗವನ್ನು ಬೇರುಸಹಿತ ಕೀಳುವ ಔಷಧ ಇಂದಿಗೂ ದೊರೆತಿಲ್ಲ. ಆದರೆ ಮಕ್ಕಳನ್ನು ಬಿಸಿಲಿನಿಂದ ಮರೆಮಾಡಿ, ಚರ್ಮವನ್ನೂ ಕಣ್ಣುಗಳನ್ನೂ ಮೇಲಿಂದ ಮೇಲೆ ಪರೀಕ್ಷಿಸಿ, ಗಂಟು ಚಿಕ್ಕದಿರುವಾಗಲೇ ಶಸ್ತ್ರಕ್ರಿಯೆಯಿಂದಲೋ ಶೀತಚಿಕಿತ್ಸೆಯಿಂದಲೋ ತೆಗೆದರೆ ಅವರ ಆಯುಷ್ಯವು ಹೆಚ್ಚುತ್ತದೆ. ಇದು ಅಂಟುರೋಗವಲ್ಲ, ಯಾರ ಶಾಪವೂ ಅಲ್ಲ. ಮಚ್ಚೆಗಳನ್ನು ಕಂಡು ದೂರ ಸರಿಯದೆ, ಹತ್ತಿರ ಕುಳಿತು ಪರೀಕ್ಷಿಸಿದ ಕಪೋಸಿಯವರ ತಾಳ್ಮೆಯಿಂದಲೇ ಈ ತಿಳಿವಳಿಕೆಗೆ ದಾರಿ ತೆರೆಯಿತು.