ಮೊದಲ ಮಹಿಳಾ ನ್ಯೂರೋಸರ್ಜನ್‌ಗಳಲ್ಲಿ ಒಬ್ಬರು: ಡಾ. ಡಯಾನಾ ಬೆಕ್

ವಿನ್ನಿ-ದ-ಪೂ ಕರಡಿ ಗೊತ್ತಿಲ್ಲದ ಮಕ್ಕಳುಂಟೆ? ಟಿಫಿನ್ ಡಬ್ಬಿ, ಕಂಪಾಸ್ ಬಾಕ್ಸ್, ಎಲ್ಲದರ ಮೇಲೂ ಅದೇ. ಆ ಕರಡಿಯ ಕಥೆ ಬರೆದ ಎ.ಎ. ಮಿಲ್ನ್ ಅವರಿಗೆ 1952ರಲ್ಲಿ ಪಾರ್ಶ್ವವಾಯು ಬಡಿದಾಗ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿದವರು ಒಬ್ಬ ಮಹಿಳೆ ಎಂಬುದು ನನಗೆ ಗೊತ್ತಾಗಿದ್ದು ತೀರಾ ಇತ್ತೀಚೆಗೆ. ಅವರೇ ಡಾ. ಡಯಾನಾ ಬೆಕ್.

ಹುಟ್ಟಿದ್ದು 1900ರಲ್ಲಿ, ಇಂಗ್ಲೆಂಡಿನ ಚೆಸ್ಟರ್‌ ಬಳಿ. ಹೆಣ್ಣುಮಕ್ಕಳಿಗೆಂದೇ ಇದ್ದ ಲಂಡನ್ನಿನ ವೈದ್ಯಕೀಯ ಕಾಲೇಜಿನಲ್ಲಿ ಓದಿ 1925ರಲ್ಲಿ ಡಾಕ್ಟರಾದರು, ಐದು ವರ್ಷಕ್ಕೆ ಎಫ್.ಆರ್.ಸಿ.ಎಸ್. ಕೂಡ ಆಯಿತು. ಸರ್ಜನ್ ಆಗಿ ನೆಮ್ಮದಿಯಾಗಿ ಇದ್ದುಬಿಡಬಹುದಿತ್ತು. ಆದರೆ 1939ರಲ್ಲಿ, ನಲವತ್ತು ಹತ್ತಿರವಾದಾಗ, ಮತ್ತೆ ಶಿಷ್ಯೆಯಾಗಿ ಆಕ್ಸ್‌ಫರ್ಡಿಗೆ ಹೋದರು. ಮೂವತ್ತು ದಾಟಿದ ಮೇಲೆ ಹೊಸ ಟೆಕ್ನಾಲಜಿ ಕಲಿಯಲು ಗೊಣಗುವ ನನ್ನಂಥವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಅಲ್ಲಿ ಗುರುಗಳು ಹ್ಯೂ ಕೇರ್ನ್ಸ್. ಮೋಟರ್ ಬೈಕ್ ಸವಾರರಿಗೆ ಹೆಲ್ಮೆಟ್ ಬೇಕೇ ಬೇಕೆಂದು ಅಂಕಿಅಂಶ ಸಮೇತ ವಾದಿಸಿದ ಪುಣ್ಯಾತ್ಮ ಇವರೇ! ಇನ್ನೊಬ್ಬ ಮಹಿಳೆ, ರೋಗಶಾಸ್ತ್ರಜ್ಞೆ ಡೊರೊತಿ ರಸೆಲ್ ಜೊತೆ ಸೇರಿ ಬೆಕ್ ಸಂಶೋಧನೆಯನ್ನೂ ಮಾಡಿದರು.

1943ರಲ್ಲಿ ರಾಯಲ್ ಫ್ರೀ ಆಸ್ಪತ್ರೆ, 1947ರಲ್ಲಿ ಮಿಡ್ಲ್‌ಸೆಕ್ಸ್ ಆಸ್ಪತ್ರೆ. ಎರಡರಲ್ಲೂ ಕನ್ಸಲ್ಟೆಂಟ್ ನ್ಯೂರೋಸರ್ಜನ್. ಜಗತ್ತಿನ ಮೊದಲ ಮಹಿಳಾ ನ್ಯೂರೋಸರ್ಜನ್ ಎಂದು ಹಲವರು ಇವರನ್ನೇ ಹೆಸರಿಸುತ್ತಾರೆ. ರೊಮೇನಿಯಾದವರು ತಮ್ಮ ಸೋಫಿಯಾ ಇಯೊನೆಸ್ಕು ಎನ್ನುತ್ತಾರೆ. ಈ ಜಗಳ ಅವರಿಗೇ ಇರಲಿ. ನಮ್ಮಲ್ಲಿ ಮದರಾಸಿನ ಡಾ. ಟಿ.ಎಸ್. ಕನಕಾ ನ್ಯೂರೋಸರ್ಜರಿಯಲ್ಲಿ ಎಂ.ಸಿಎಚ್. ಪಡೆದದ್ದು 1968ರಲ್ಲಿ ಎಂದರೆ ಬೆಕ್ ಎಷ್ಟು ಮೊದಲಿನವರು ಎಂದು ಅಂದಾಜಾಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಅವರ ಕೆಲಸದ ರೀತಿ. ಮಿದುಳಿನೊಳಗೆ ರಕ್ತಸ್ರಾವವಾದವರನ್ನು ಹಾಸಿಗೆಯಲ್ಲಿ ಮಲಗಿಸಿ ಕಾಯುವುದೇ ಹೆಚ್ಚಾಗಿದ್ದ ಕಾಲವದು. ಹೆಪ್ಪುಗಟ್ಟಿದ ರಕ್ತವನ್ನು ತೆಗೆದರೆ ಕೆಲವರಾದರೂ ಉಳಿಯಬಹುದೆಂದು ಬೆಕ್ ಕೈಹಾಕಿದರು. ಆದರೆ ಹೆಪ್ಪು ಎಲ್ಲಿದೆ? ಸಿ.ಟಿ. ಸ್ಕ್ಯಾನ್ ಬಂದದ್ದು 1971ರಲ್ಲಿ. ಆಗ ಇದ್ದದ್ದು ರಕ್ತನಾಳಕ್ಕೆ ಬಣ್ಣದ್ರವ ಚುಚ್ಚಿ ಅಥವಾ ಮಿದುಳಿನ ಕುಹರಗಳಿಗೆ ಗಾಳಿ ತುಂಬಿ ತೆಗೆಯುವ ಎಕ್ಸ್-ರೇ ಮಾತ್ರ. ನಾಳ ಪಕ್ಕಕ್ಕೆ ಸರಿದಂತೆ ಕಂಡರೆ ಏನೋ ಅದನ್ನು ತಳ್ಳುತ್ತಿದೆ ಎಂದು ಊಹಿಸಬೇಕು. ಆ ಊಹೆಯನ್ನು ನಂಬಿ ತಲೆಬುರುಡೆ ತೆರೆಯಬೇಕು. ಇಂಥದ್ದೇ ಪರಿಸ್ಥಿತಿಯಲ್ಲಿ ಎಪ್ಪತ್ತರ ಮಿಲ್ನ್ ಬದುಕುಳಿದರು. ಮೊದಲಿನಂತೆ ಓಡಾಡಲು ಆಗಲಿಲ್ಲ, ಆದರೆ ಮೂರು ವರ್ಷಕ್ಕೂ ಹೆಚ್ಚು ಬಾಳಿದರು.

ಅಷ್ಟರಲ್ಲಿ ಬೆಕ್ ಅವರಿಗೇ ಮಯಸ್ತೇನಿಯಾ ಗ್ರೇವಿಸ್ ಅಂಟಿಕೊಂಡಿತ್ತು. ನರದ ಆಜ್ಞೆ ಸ್ನಾಯುವಿಗೆ ಸರಿಯಾಗಿ ತಲುಪದ ಕಾಯಿಲೆ. ಕೆಲಸ ಮಾಡಿದಷ್ಟೂ ಸ್ನಾಯು ಸೋಲುತ್ತದೆ, ರೆಪ್ಪೆ ಜೋಲುತ್ತದೆ. ಗಂಟೆಗಟ್ಟಲೆ ನಿಂತು, ಕಣ್ಣು ಕೈ ಎರಡನ್ನೂ ನಂಬಿ ದುಡಿಯುವ ಸರ್ಜನ್‌ಗೆ ಇದಕ್ಕಿಂತ ಕ್ರೂರ ಕಾಯಿಲೆ ಬೇರೊಂದು ಇದ್ದೀತೇ ಎನಿಸುತ್ತದೆ. ಎದೆಯೊಳಗಿನ ಥೈಮಸ್ ಗ್ರಂಥಿ ತೆಗೆಯುವುದು ಆಗಿನ ಒಂದು ಉಪಾಯ. ಬೆಕ್ ಅದಕ್ಕೂ ಒಪ್ಪಿದರು. ಶಸ್ತ್ರಚಿಕಿತ್ಸೆಯ ನಂತರ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಲುಕಿ 1956ರ ಮಾರ್ಚ್‌ನಲ್ಲಿ ತೀರಿಕೊಂಡರು. ಆಗ ವಯಸ್ಸು 55. ಮಿಲ್ನ್ ಹೋಗಿ ಆಗಿನ್ನೂ ಐದು ವಾರವೂ ಆಗಿರಲಿಲ್ಲ.