ರಕ್ತಸಾಕ್ಷಿಯಾದ ಯುಸ್ತೀನನ ಚರಿತ್ರೆ

ಸಮಾರ್ಯ ಸೀಮೆಯಲ್ಲಿರುವ ಯಾಕೋಬನ ಬಾವಿಯ ಸಂಗತಿಯನ್ನು ನಮ್ಮ ಸಭೆಗಳ ಚಿಕ್ಕ ಮಕ್ಕಳೂ ಬಲ್ಲರು. ನಮ್ಮ ಕರ್ತನು ದಾರಿ ನಡೆದು ದಣಿದು ಆ ಬಾವಿಯ ಬಳಿಯಲ್ಲಿ ಕೂತಿದ್ದಾಗ, ನೀರು ಸೇದಲು ಬಂದ ಸ್ತ್ರೀಯ ಸಂಗಡ ಮಾತಾಡಿ, ಸತ್ಯವಾದ ಆರಾಧನೆಯು ಈ ಬೆಟ್ಟಕ್ಕಾಗಲಿ ಆ ಪಟ್ಟಣಕ್ಕಾಗಲಿ ಸೇರಿದ್ದಲ್ಲವೆಂದು ಆಕೆಗೆ ತಿಳಿಸಿದನು. ಇದಾಗಿ ಸುಮಾರು 70 ವರುಷಗಳ ಮೇಲೆ ಆ ಬಾವಿಗೆ ಸಮೀಪವಾದ ಪಟ್ಟಣದಲ್ಲಿ ಒಂದು ಗಂಡುಮಗು ಹುಟ್ಟಿತು. ಆ ಮಗುವೇ ಬೆಳೆದು ದೊಡ್ಡವನಾಗಿ, ಬಾವಿಯ ಬಳಿಯಲ್ಲಿ ಹೇಳಲ್ಪಟ್ಟ ಆ ಸತ್ಯಕ್ಕೆ ರೋಮಾಪುರದ ನ್ಯಾಯಸ್ಥಾನದ ಮುಂದೆ ಪ್ರಾಣ ಕೊಟ್ಟು ಸಾಕ್ಷಿ ಹೇಳಿದ ಯುಸ್ತೀನನು. ಆತನ ಚರಿತ್ರೆಯನ್ನು ಈ ತಿಂಗಳು ನಮ್ಮ ಹಳ್ಳಿಯ ಸಭೆಗಳವರ ಮುಂದೆ ಇಡುತ್ತೇವೆ.

ಯುಸ್ತೀನನು ಹುಟ್ಟಿದ್ದು ಕ್ರಿ. ಶ. 100ರ ಸುಮಾರಿನಲ್ಲಿ. ಆತನ ಊರಿನ ಹೆಸರು ಫ್ಲಾವಿಯ ನೆಯಾಪೊಲಿ. ರೋಮಾಯರು ಹಳೇ ಶೆಕೆಮಿನ ಹತ್ತಿರದಲ್ಲಿ ಕಟ್ಟಿದ ಆ ಪಟ್ಟಣಕ್ಕೆ ಈಗ ನಾಬ್ಲಸ್ ಎಂದು ಹೆಸರು. ತಂದೆಯ ಹೆಸರು ಪ್ರಿಸ್ಕ. ಆ ಮನೆಯವರು ಯೆಹೂದ್ಯರೂ ಅಲ್ಲ, ಕ್ರೈಸ್ತರೂ ಅಲ್ಲ. ಅನ್ಯದೇವರುಗಳನ್ನು ಪೂಜಿಸುವವರ ಗುಂಪಿಗೆ ಸೇರಿದವರು. ಹೀಗೆ ನಮ್ಮ ಹಿರಿಯರಲ್ಲಿ ಅನೇಕರಂತೆ ಯುಸ್ತೀನನೂ ಹೊರಗಿನಿಂದ ಒಳಗೆ ಬಂದವನು.

ಚಿಕ್ಕಂದಿನಿಂದಲೇ ಆತನಿಗೆ ದೇವರನ್ನು ತಿಳಿಯಬೇಕೆಂಬ ಹಸಿವು ಬಹಳವಿತ್ತು. ಮೊದಲು ಸ್ತೋಯಿಕರ ಪಂಥದ ಒಬ್ಬ ಗುರುವನ್ನು ಸೇರಿದನು. ಬಹು ಕಾಲ ಆತನ ಬಳಿಯಲ್ಲಿದ್ದರೂ ದೇವರ ವಿಷಯದಲ್ಲಿ ಏನೂ ಸಿಕ್ಕಲಿಲ್ಲ. ಅಂಥ ತಿಳುವಳಿಕೆಯು ಬೇಕಾದದ್ದೇ ಅಲ್ಲವೆಂದು ಆ ಗುರುವು ಎಣಿಸಿದ್ದನು. ಎರಡನೆಯವನು ಅರಿಸ್ಟಾಟಲನ ಪಂಥದವನು. ಕೆಲವು ದಿವಸಗಳಾಗುತ್ತಲೇ ತನ್ನ ಸಂಬಳವನ್ನು ನಿಷ್ಕರ್ಷೆ ಮಾಡಬೇಕೆಂದು ಕೇಳಿದ್ದರಿಂದ ಯುಸ್ತೀನನು ಬೇಸರಗೊಂಡು ಆತನನ್ನು ಬಿಟ್ಟನು. ಮೂರನೆಯವನು ಪೈಥಾಗೊರಸನ ಪಂಥದವನು. ಮೊದಲು ಸಂಗೀತವನ್ನೂ ಖಗೋಳಶಾಸ್ತ್ರವನ್ನೂ ರೇಖಾಗಣಿತವನ್ನೂ ಕಲಿತು ಬಾ ಎಂದು ಕಳುಹಿಸಿಬಿಟ್ಟನು. ಕಡೆಗೆ ಪ್ಲೇಟೋವಿನ ಶಿಷ್ಯರ ಬೋಧನೆಯು ಆತನಿಗೆ ರುಚಿಸಿತು. ಇನ್ನು ಸ್ವಲ್ಪ ಕಾಲದಲ್ಲಿ ದೇವರನ್ನು ಕಂಡೇನೆಂದು ನಿರೀಕ್ಷಿಸಿದನು.

ಅಷ್ಟರಲ್ಲಿ ಒಂದು ದಿವಸ ಆತನು ಸಮುದ್ರದ ಸಮೀಪ ಏಕಾಂತವಾದ ಸ್ಥಳದಲ್ಲಿ ಧ್ಯಾನಿಸುತ್ತಾ ನಡೆಯುತ್ತಿರಲು, ಒಬ್ಬ ಸೌಮ್ಯನಾದ ಮುದುಕನು ಹಿಂದಿನಿಂದ ಬಂದು ಮಾತಿಗೆ ನಿಂತನು. ದೇವರನ್ನು ಬುದ್ಧಿಬಲದಿಂದ ಹಿಡಿಯಲಾಗದೆಂದೂ, ಪ್ರವಾದಿಗಳು ಕಂಡು ಕೇಳಿದ್ದನ್ನು ಸಾರಿದ್ದಾರೆಂದೂ, ಬೆಳಕಿನ ಬಾಗಿಲುಗಳು ತೆರೆಯಲ್ಪಡುವಂತೆ ಮೊದಲು ಪ್ರಾರ್ಥಿಸಬೇಕೆಂದೂ ಬುದ್ಧಿ ಹೇಳಿ ಹೋದನು. ಯುಸ್ತೀನನು ಆತನನ್ನು ತಿರಿಗಿ ನೋಡಲೇ ಇಲ್ಲ. ಆದರೂ ಆ ದಿವಸ ಆತನ ಆತ್ಮದಲ್ಲಿ ಹೊತ್ತಿದ ಬೆಂಕಿಯು ಆರಲಿಲ್ಲ. ಇದಲ್ಲದೆ ಕ್ರೈಸ್ತರು ಮರಣಕ್ಕೆ ಹೆದರದೆ ನಿಲ್ಲುವದನ್ನು ಆತನು ಮುಂಚೆಯೇ ಕಂಡು, ಇಂಥವರು ಜನರು ದೂರುವ ಪ್ರಕಾರ ದುಷ್ಟರಾಗಿರಲಾರರೆಂದು ತಿಳಿದುಕೊಂಡಿದ್ದನು. ಹೀಗೆ ಆತನು ಕ್ರಿಸ್ತನನ್ನು ಸ್ವೀಕರಿಸಿದನು. ಪಂಡಿತರು ಧರಿಸುವ ಮೇಲಂಗಿಯನ್ನು ಆತನು ತೆಗೆದುಹಾಕದೆ, ಅದೇ ಉಡುಪಿನಲ್ಲಿ ತಿರುಗಾಡಿ ಸುವಾರ್ತೆಯನ್ನು ಕಲಿಸಿದನು.

ರೋಮಾಪುರದಲ್ಲಿ ಆತನು ನೆಲಸಿದ ಕಾಲದಲ್ಲಿ ಕ್ರೈಸ್ತರ ಮೇಲೆ ಘೋರವಾದ ಅಪವಾದಗಳಿದ್ದವು. ವಿಗ್ರಹಗಳಿಗೆ ಅಡ್ಡಬೀಳದ್ದರಿಂದ ಅವರು ನಾಸ್ತಿಕರೆನಿಸಿಕೊಂಡರು. ಕೂಟಗಳಲ್ಲಿ ನರಮಾಂಸ ತಿನ್ನುತ್ತಾರೆಂದೂ ಜನರು ಆಡಿಕೊಂಡರು. ಆದಕಾರಣ ಯುಸ್ತೀನನು ಸುಮಾರು 155ರಲ್ಲಿ ಚಕ್ರವರ್ತಿಯಾದ ಅಂತೋನೀನ ಪಿಯನಿಗೆ ಒಂದು ದೊಡ್ಡ ವಿಜ್ಞಾಪನೆಯನ್ನು ಬರೆದು, ಕ್ರೈಸ್ತರ ಕೂಟದಲ್ಲಿ ನಡೆಯುವದನ್ನೆಲ್ಲಾ ಮರೆಮಾಡದೆ ವಿವರಿಸಿದನು. ಆ ಬರಹವು 14ನೇ ಶತಮಾನದಲ್ಲಿ ನಕಲು ಮಾಡಿದ ಒಂದು ಹಸ್ತಪ್ರತಿಯ ಮೂಲಕ ನಮ್ಮ ವರೆಗೆ ಉಳಿದು ಬಂದದೆ.

ಆ ಕೂಟದ ಕ್ರಮವನ್ನು ಕೇಳಿರಿ. ಆದಿತ್ಯವಾರದಲ್ಲಿ ಪಟ್ಟಣದವರೂ ಹಳ್ಳಿಯವರೂ ಒಂದೇ ಸ್ಥಳದಲ್ಲಿ ಕೂಡುತ್ತಿದ್ದರು. ಯಾಕಂದರೆ ದೇವರು ಬೆಳಕನ್ನು ಉಂಟುಮಾಡಿದ ದಿವಸವೂ ಕರ್ತನು ಸತ್ತವರೊಳಗಿಂದ ಎದ್ದ ದಿವಸವೂ ಅದೇ. ಅಪೊಸ್ತಲರ ಇಲ್ಲವೆ ಪ್ರವಾದಿಗಳ ಬರಹಗಳನ್ನು ಸಮಯವಿರುವ ವರೆಗೆ ಓದುವರು. ಬಳಿಕ ಸಭಾನಾಯಕನು ಕೇಳಿದ ಪ್ರಕಾರ ನಡೆಯಬೇಕೆಂದು ಬೋಧಿಸುವನು. ಎಲ್ಲರೂ ಎದ್ದುನಿಂತು ಪ್ರಾರ್ಥಿಸುವರು. ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ನೀರನ್ನೂ ತರುವರು. ಸಭಾನಾಯಕನು ತನ್ನ ಶಕ್ತ್ಯಾನುಸಾರ ಸ್ತೋತ್ರ ಮಾಡಲು ಜನರೆಲ್ಲರು ಆಮೆನ್ ಎನ್ನುವರು. ಎಲ್ಲರೂ ಅದರಲ್ಲಿ ಪಾಲು ಹೊಂದಿದ ಮೇಲೆ, ಬಾರದೆ ಇದ್ದವರ ಪಾಲನ್ನು ಸಭಾಸೇವಕರು ಅವರ ಮನೆಗಳಿಗೆ ಹೊತ್ತುಕೊಂಡು ಹೋಗುವರು. ಅನುಕೂಲವುಳ್ಳವರು ಮನಸ್ಸಿದ್ದಷ್ಟು ಕೊಟ್ಟದ್ದು ಸಭಾನಾಯಕನ ವಶದಲ್ಲಿರುವದು. ಅದರಿಂದ ಅನಾಥರಿಗೂ ವಿಧವೆಯರಿಗೂ ರೋಗಿಗಳಿಗೂ ಸೆರೆಯಲ್ಲಿರುವವರಿಗೂ ಪರಸ್ಥಳದಿಂದ ಬಂದವರಿಗೂ ಸಹಾಯ ಮಾಡುವನು.

ಇದನ್ನು ಬರೆಯುವಾಗ ನಮ್ಮ ಮನಸ್ಸು ನಮ್ಮನ್ನೇ ಚುಚ್ಚುತ್ತದೆ. ನಾವು ಉಪದೇಶಿಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಳ್ಳಿಯ ಸಭೆಯು ನಮಗೆ ಒಪ್ಪಿಸಲ್ಪಟ್ಟಿತ್ತು. ಅಲ್ಲಿ ದೇವಾಲಯವಿರಲಿಲ್ಲ, ಒಬ್ಬ ಸಹೋದರನ ಮನೆಯ ಜಗಲಿಯ ಮೇಲೆ ಏಳೆಂಟು ಜನರು ಕೂಡುತ್ತಿದ್ದರು. ಸೆಮಿನೆರಿಯಲ್ಲಿ ದೊಡ್ಡ ದೇವಾಲಯದ ಗಂಟೆಯನ್ನೂ ಗಾಯನವನ್ನೂ ಕೇಳಿ ಬಂದಿದ್ದ ನಮಗೆ ಆ ಜಗಲಿಯು ಅಲ್ಪವಾಗಿ ಕಂಡಿತು. ಪ್ರಸಂಗ ಮುಗಿಸಿ, ಕಾಣಿಕೆಯ ಲೆಕ್ಕ ಬರೆದು, ಬಿಸಿಲೇರುವ ಮೊದಲೇ ಹೊರಟುಬಿಡುತ್ತಿದ್ದೆವು. ಅದೇ ಬೀದಿಯ ಕೊನೆಯ ಗುಡಿಸಲಲ್ಲಿ ಕಾಲುಗಳ ಬಲ ಹೋಗಿದ್ದ ಒಬ್ಬ ವಿಧವೆಯಿದ್ದಳು. ಗಾಯನವು ಕಿವಿಗೆ ಬಿದ್ದ ಕೂಡಲೆ ಆಕೆ ಹೊಸ್ತಿಲ ತನಕ ತೆವಳಿ ಬಂದು, ಅದು ಮುಗಿದ ಮೇಲೆ ಯಾರಾದರೂ ಬಂದಾರೆಂದು ದಾರಿ ನೋಡುತ್ತಿದ್ದಳಂತೆ. ಎಷ್ಟೋ ತಿಂಗಳುಗಳ ಮೇಲೆ ನಾವು ಆಕೆಯ ಬಾಗಿಲಿಗೆ ಹೋದಾಗ ಆಕೆ ನಮ್ಮನ್ನು ದೂರಲಿಲ್ಲ. ಸಭೆಯ ಪಟ್ಟಿಯಲ್ಲಿ ತನ್ನ ಹೆಸರು ಇನ್ನೂ ಅದೆಯೋ ಎಂದು ಮಾತ್ರ ಕೇಳಿದಳು. ಆ ಪ್ರಶ್ನೆಯ ಮುಂದೆ ನಾವು ತಲೆ ತಗ್ಗಿಸಿದೆವು. ಜಗಲಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊರತೆಯಿದ್ದದ್ದು ನಮ್ಮ ಕಾಲುಗಳಲ್ಲಿ.

ಯುಸ್ತೀನನ ಅಂತ್ಯವೂ ಇದನ್ನೇ ಕಲಿಸುತ್ತದೆ. ಸುಮಾರು 165ರಲ್ಲಿ ಆತನೂ ಬೇರೆ ಆರು ಮಂದಿಯೂ ಹಿಡಿಯಲ್ಪಟ್ಟು, ಪಟ್ಟಣಾಧಿಕಾರಿಯಾದ ರುಸ್ತಿಕನ ಮುಂದೆ ನಿಲ್ಲಿಸಲ್ಪಟ್ಟರು. ಈ ರುಸ್ತಿಕನು ಚಕ್ರವರ್ತಿಯಾದ ಮಾರ್ಕ ಔರೇಲಿಯನಿಗೆ ಗುರುವಾಗಿದ್ದ ಸ್ತೋಯಿಕನು. ಕ್ರೈಸ್ತರು ಎಲ್ಲಿ ಕೂಡುತ್ತಾರೆಂದು ಆತನು ವಿಚಾರಿಸಲು, ಅವರವರಿಗೆ ಅನುಕೂಲವಾದಲ್ಲಿ ಕೂಡುತ್ತಾರೆಂದೂ, ತಮ್ಮ ದೇವರು ಒಂದು ಸ್ಥಳದೊಳಗೆ ಅಡಗುವವನಲ್ಲ, ಭೂಮ್ಯಾಕಾಶಗಳನ್ನು ತುಂಬಿಕೊಂಡಿರುವವನೆಂದೂ ಯುಸ್ತೀನನು ಉತ್ತರ ಕೊಟ್ಟನು. ತಾನು ಒಂದು ಸ್ನಾನಗೃಹದ ಮೇಲಿನ ಬಿಡಾರದಲ್ಲಿದ್ದು, ಬಂದವರಿಗೆ ಕಲಿಸುತ್ತಿದ್ದೆನೆಂದೂ ಹೇಳಿದನು. ಬಾವಿಯ ಬಳಿಯಲ್ಲಿ ಸಮಾರ್ಯದ ಸ್ತ್ರೀಯು ಕೇಳಿದ ಸತ್ಯವನ್ನೇ ಸಮಾರ್ಯದ ಈ ಮಗನು ನ್ಯಾಯಾಧಿಪತಿಗೆ ತಿಳಿಸಿದನು.

ಆತನ ಸಂಗಡ ನಿಂತವರನ್ನೂ ನೋಡಿರಿ. ಖರಿತೋ ಎಂಬ ಒಬ್ಬ ಸ್ತ್ರೀಯಿದ್ದಳು. ಕಪ್ಪದೋಕ್ಯದ ಯುವೆಲ್ಪಿಸ್ತನು ಕೈಸರನ ಮನೆಯ ದಾಸನಾಗಿದ್ದರೂ, ತಾನು ಕ್ರಿಸ್ತನಿಂದ ಬಿಡುಗಡೆ ಹೊಂದಿದವನೆಂದು ಅರಿಕೆ ಮಾಡಿದನು. ಅವನೂ ಪಯೋನನೂ ಈ ನಂಬಿಕೆಯನ್ನು ತಂದೆತಾಯಿಗಳಿಂದ ಹೊಂದಿದ್ದರು. ಯುಸ್ತೀನನಾದರೋ ತಾನೇ ಹುಡುಕಿ ಬಂದವನು. ಪಂಡಿತನೂ ದಾಸನೂ, ಪುರುಷರೂ ಸ್ತ್ರೀಯೂ ಒಂದೇ ಸಾಲಿನಲ್ಲಿ ನಿಂತರು. ದೇವರುಗಳಿಗೆ ಬಲಿಯರ್ಪಿಸಲು ಎಲ್ಲರೂ ಒಪ್ಪದೆ ಹೋದದ್ದರಿಂದ, ಕೊರಡೆಗಳಿಂದ ಹೊಡೆಯಲ್ಪಟ್ಟು ಶಿರಚ್ಛೇದನ ಹೊಂದಿದರು.

ಸಹೋದರ ಸಹೋದರಿಯರೇ, ನಮ್ಮ ಕೂಟವು ಚಿಕ್ಕದು, ಮಾಡು ಸೋರುತ್ತದೆ, ಬೋಧಕರು ತಿಂಗಳಿಗೊಮ್ಮೆ ಬರುತ್ತಾರೆಂದು ನಾವು ಕುಗ್ಗಬೇಕಾದದ್ದಿಲ್ಲ. ಸ್ನಾನಗೃಹದ ಮೇಲಿನ ಬಿಡಾರದಲ್ಲಿ ಕಲಿಸಿದವನ ದೇವರು ನಮ್ಮ ಜಗಲಿಗೂ ಬರುತ್ತಾನೆ. ಆದರೆ ಕಡೇ ಆಮೆನ್ ಹೇಳಿದ ಮೇಲೆ ಆರಾಧನೆಯು ಬೀದಿಗೆ ಇಳಿಯಬೇಕು. ಬರುವ ಆದಿತ್ಯವಾರದಲ್ಲಿ ಚಾಪೆಯನ್ನು ಸುತ್ತುವ ಮುಂಚೆ, ಈ ಹೊತ್ತು ಯಾರು ಬರಲಿಲ್ಲವೆಂದು ಒಬ್ಬರನ್ನೊಬ್ಬರು ಕೇಳೋಣ. ಕಾಣಿಕೆಯಾಗಿ ಬಂದ ಹಿಡಿ ಅಕ್ಕಿಯಲ್ಲಿ ಅವರಿಗೆ ಪಾಲು ಕಟ್ಟಿಕೊಂಡು, ಓದಿದ ವಾಕ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು, ಅವರ ಹೊಸ್ತಿಲ ತನಕ ನಡೆಯೋಣ. ಅಲ್ಲಿ ಯಾರಾದರೂ ನಮ್ಮ ದಾರಿ ನೋಡುತ್ತಿರಬಹುದು.